ನೆಬ್ರಾಸ್ಕಾದ ಹುಲ್ಲುಹೆಂಟೆ ಮನೆಯಲ್ಲೊಂದು ಪ್ರೇಮಕಥೆ: ಅಮೆರಿಕದ ಗಡಿಸೀಮೆಯ ಕಾದಂಬರಿ ಬರೆಯುವ ಬಗೆ

ಅಮೆರಿಕದ ಪಶ್ಚಿಮ ಗಡಿಸೀಮೆಯ ಪ್ರೇಮಕಾದಂಬರಿ ಬರೆಯಲು ಕೂತವರು ಸಾಮಾನ್ಯವಾಗಿ ನಾಯಕನಿಂದ ಶುರುಮಾಡುತ್ತಾರೆ. ಅಗಲ ಅಂಚಿನ ಟೋಪಿ, ಕುದುರೆ, ಸೊಂಟದಲ್ಲಿ ರಿವಾಲ್ವರ್, ಕಡಿಮೆ ಮಾತು. ಐದನೇ ಅಧ್ಯಾಯದ ಹೊತ್ತಿಗೆ ಕಥೆ ನಿಂತುಬಿಡುತ್ತದೆ. ಇಬ್ಬರಿಗೂ ಪರಸ್ಪರ ಮನಸ್ಸಿದೆ, ಇಬ್ಬರೂ ಒಂಟಿ, ಅಡ್ಡಿ ಹೇಳುವವರು ಯಾರೂ ಇಲ್ಲ. ಇನ್ನು ಇನ್ನೂರು ಪುಟ ತುಂಬಿಸಬೇಕಲ್ಲ ಎಂದು ಲೇಖಕರು ಅರ್ಧ ಕೇಳಿಸಿಕೊಂಡ ಮಾತನ್ನೋ ಕೈಸೇರದ ಪತ್ರವನ್ನೋ ತಂದು ನಡುವೆ ಇಡುತ್ತಾರೆ. ಒಂದು ನಿಮಿಷ ಕೂತು ಮಾತಾಡಿದ್ದರೆ ಇದು ಮುಗಿಯುತ್ತಿತ್ತು ಎಂದು ಓದುಗರಿಗೆ ಗೊತ್ತಾಗುತ್ತದೆ, ಪುಸ್ತಕ ಕೆಳಗಿಡುತ್ತಾರೆ.

ಶುರುಮಾಡಬೇಕಾದ್ದು ಇಸವಿಯಿಂದ ಮತ್ತು ಕೌಂಟಿಯಿಂದ, ಅಂದರೆ ನಮ್ಮ ಜಿಲ್ಲೆಯಂಥ ಆಡಳಿತ ಭಾಗದಿಂದ. ಆ ವರ್ಷದ ಭೂಕಾನೂನು, ಆ ನೆಲದ ಹವೆ, ರೈಲು ಬಂದಿತ್ತೋ ಇಲ್ಲವೋ ಅನ್ನುವುದು, ಇವೇ ಇಬ್ಬರು ಪ್ರೇಮಿಗಳ ನಡುವೆ ಗಟ್ಟಿಯಾದ ಅಡ್ಡಿ ಹುಟ್ಟಿಸುತ್ತವೆ. ಕೂತು ಮಾತಾಡಿದರೂ ಕರಗದ ಅಡ್ಡಿ ಅದು.

ಇಸವಿ ಬದಲಾದರೆ ಕಥೆಯೇ ಬದಲು

1850ರ ಓರೆಗಾನ್ ತೆಗೆದುಕೊಳ್ಳಿ. ಅಲ್ಲಿನ ಭೂದಾನ ಕಾನೂನಿನ ಪ್ರಕಾರ ಒಂಟಿ ಬಿಳಿಯ ಗಂಡಸಿಗೆ 320 ಎಕರೆ, ಮದುವೆಯಾದ ದಂಪತಿಗೆ 640 ಎಕರೆ. ಅದರಲ್ಲಿ ಅರ್ಧ ನೇರವಾಗಿ ಹೆಂಡತಿಯ ಹೆಸರಿಗೆ. ಆ ವರ್ಷದ ಡಿಸೆಂಬರ್ 1ರೊಳಗೆ ನೆಲೆಸಿದ್ದ ಗಂಡಸು ಒಂದು ವರ್ಷದೊಳಗೆ ಮದುವೆಯಾದರೂ ಪೂರ್ತಿ 640 ಎಕರೆ ಸಿಗುತ್ತಿತ್ತು. ಹೀಗಾಗಿ ಅವಸರದ ಮದುವೆಗಳ ಸಾಲೇ ನಡೆಯಿತು. ತೀರಾ ಚಿಕ್ಕ ಹುಡುಗಿಯರನ್ನೂ ಕೊಟ್ಟು ಮದುವೆ ಮಾಡಿದರು. ಅನುಕೂಲಕ್ಕಾಗಿ ಮದುವೆಯಾಗಿ ಆಮೇಲೆ ಪ್ರೀತಿಸುವ ಕಥೆಗೆ ಇಷ್ಟು ಗಟ್ಟಿ ಕಾರಣ ಬೇರೆಲ್ಲೂ ಸಿಗುವುದಿಲ್ಲ. ಆದರೆ ಇದೇ ಕಥೆಯನ್ನು 1870ರ ಓರೆಗಾನ್‌ಗೆ ಎತ್ತಿಡುವಂತಿಲ್ಲ, ಆ ಕಾನೂನು ಆಗ ಮುಗಿದಿತ್ತು.

ವಸ್ತುಗಳಿಗೂ ಇದೇ ಲೆಕ್ಕ. ಖಂಡದ ಉದ್ದಕ್ಕೂ ತಂತಿ ಸುದ್ದಿ ಹೋಗಲು ಶುರುವಾದದ್ದು 1861ರ ಅಕ್ಟೋಬರ್‌ನಲ್ಲಿ. ಅದಕ್ಕೂ ಮೊದಲು ಸುಮಾರು ಒಂದೂವರೆ ವರ್ಷವಷ್ಟೇ ಓಡಿದ ಪೋನಿ ಎಕ್ಸ್‌ಪ್ರೆಸ್ ಮಿಸೌರಿಯಿಂದ ಕ್ಯಾಲಿಫೋರ್ನಿಯಾಕ್ಕೆ ಪತ್ರ ಮುಟ್ಟಿಸಲು ಸುಮಾರು ಹತ್ತು ದಿನ ತೆಗೆದುಕೊಳ್ಳುತ್ತಿತ್ತು. ಪೂರ್ವ ಪಶ್ಚಿಮದ ರೈಲುಹಳಿ ಯೂಟಾದ ಪ್ರೊಮೊಂಟರಿಯಲ್ಲಿ ಕೂಡಿದ್ದು 1869ರ ಮೇ 10ರಂದು. ಹೆಸರಾಂತ ಕೋಲ್ಟ್ ರಿವಾಲ್ವರ್, ವಿಂಚೆಸ್ಟರ್ ರೈಫಲ್, ತಾಮ್ರದ ರಿವೆಟ್ ಹಾಕಿದ ಲೀವೈ ಪ್ಯಾಂಟ್ ಮೂರೂ 1873ರವು. ಗ್ಲಿಡನ್‌ನ ಮುಳ್ಳುತಂತಿಗೆ ಪೇಟೆಂಟ್ ಸಿಕ್ಕಿದ್ದು 1874ರ ನವೆಂಬರ್‌ನಲ್ಲಿ. ನಾಯಕ 1868ರಲ್ಲಿ ಮುಳ್ಳುತಂತಿ ಬೇಲಿ ದಾಟಿ ಬಂದರೆ ತಿಳಿದವರು ಅಲ್ಲೇ ನಿಲ್ಲುತ್ತಾರೆ.

ಕ್ಯಾನ್ಸಸ್‌ನ ಅಬಿಲೀನ್‌ಗೆ ದನ ಹೊಡೆದುಕೊಂಡು ಬರುವ ಕೌಬಾಯ್ ಬೇಕೆಂದರೆ 1867ರಿಂದ ಮುಂದಿನ ನಾಲ್ಕೈದು ವರ್ಷದಲ್ಲಿ ಕಥೆ ಇಡಿ. ಒಂದು ಹಿಂಡಿನಲ್ಲಿ ಎರಡೂವರೆಯಿಂದ ಮೂರು ಸಾವಿರ ದನ, ಹತ್ತು ಹನ್ನೆರಡು ಆಳು, ದಿನಕ್ಕೆ 10ರಿಂದ 15 ಮೈಲಿ, ಸಂಬಳ ತಿಂಗಳಿಗೆ 25ರಿಂದ 40 ಡಾಲರ್. ಈ ಕೆಲಸದಲ್ಲಿರುವ ಗಂಡಸು ವರ್ಷದಲ್ಲಿ ಹಲವು ತಿಂಗಳು ಊರಲ್ಲೇ ಇರುವುದಿಲ್ಲ ಅನ್ನುವುದನ್ನು ಬಹಳ ಕಾದಂಬರಿಗಳು ಮರೆಯುತ್ತವೆ.

ಇಲ್ಲಿಂದ ಮುಂದಕ್ಕೆ ಒಂದೇ ಜಾಗ ಹಿಡಿದು ಹೇಳುತ್ತೇವೆ: ನೆಬ್ರಾಸ್ಕಾದ ಕಸ್ಟರ್ ಕೌಂಟಿ, 1884ರಿಂದ 1889. ಬಂದೂಕಿನ ಕಾಳಗ ಕಡಿಮೆ, ನೆಲದ ಚಿಂತೆ ಹೆಚ್ಚು. ಪ್ರೇಮಕಥೆಗೆ ಇದೇ ಒಳ್ಳೆಯದು.

160 ಎಕರೆಯ ಕಾನೂನು, ಮದುವೆಗೆ ಅಡ್ಡಿ

1862ರ ಹೋಮ್‌ಸ್ಟೆಡ್ ಕಾನೂನು 21 ತುಂಬಿದ ಯಾರಿಗೇ ಆಗಲಿ, ಅಥವಾ ಕುಟುಂಬದ ಯಜಮಾನರಾದವರಿಗೆ, 160 ಎಕರೆ ಸರ್ಕಾರಿ ನೆಲ ಹಿಡಿಯಲು ಅವಕಾಶ ಕೊಟ್ಟಿತು. ಪ್ರಜೆಯಾಗಿರಬೇಕು, ಇಲ್ಲವೇ ಪ್ರಜೆಯಾಗುತ್ತೇನೆಂದು ಬರೆದುಕೊಟ್ಟಿರಬೇಕು. ಶುಲ್ಕವೆಲ್ಲ ಸೇರಿ ಸುಮಾರು 18 ಡಾಲರ್. ಐದು ವರ್ಷ ಅಲ್ಲೇ ವಾಸವಿದ್ದು ಉತ್ತು ಬಿತ್ತಿದರೆ ಹಕ್ಕುಪತ್ರ. ಮದುವೆಯಾಗದ ಹೆಣ್ಣು, ವಿಧವೆ, ಗಂಡ ಬಿಟ್ಟುಹೋದ ಹೆಂಗಸು ತನ್ನ ಹೆಸರಿನಲ್ಲೇ ಅರ್ಜಿ ಹಾಕಬಹುದಿತ್ತು. ಗಂಡನ ಜೊತೆ ಬಾಳುವ ಹೆಂಗಸಿಗೆ ಈ ಅವಕಾಶವಿಲ್ಲ. ಬಗರ್‌ಹುಕುಂ ಅರ್ಜಿ, ಸ್ಥಳ ಮಹಜರು, ಸಾಕ್ಷಿ ಹೇಳಿಕೆ ಇವನ್ನೆಲ್ಲ ಮನೆಯಲ್ಲಿ ಕಂಡ ಕನ್ನಡದ ಓದುಗರಿಗೆ ಈ ಕಾಯುವಿಕೆಯ ಒಳಸಂಕಟ ಬಿಡಿಸಿ ಹೇಳಬೇಕಿಲ್ಲ. ಇದನ್ನು ಧಾರಾಳವಾಗಿ ಬಳಸಿಕೊಳ್ಳಿ.

ಈಗ ಕ್ಲಾರಾ ಎಂಬ ನಾಯಕಿ 1884ರ ಮೇ ತಿಂಗಳಲ್ಲಿ ಅರ್ಜಿ ಹಾಕಿದ್ದಾಳೆ ಎನ್ನೋಣ. ಪಕ್ಕದ 160 ಎಕರೆಯನ್ನು ಸೈಲಸ್ 1885ರಲ್ಲಿ ಹಿಡಿದಿದ್ದಾನೆ. ಇಬ್ಬರೂ ಮದುವೆಯಾದರೆ ಏನಾಗುತ್ತದೆ? ಗಂಡ ಹೆಂಡತಿಗೆ ಒಂದೇ ವಾಸಸ್ಥಳ ಎಂಬುದು ಭೂಕಚೇರಿಯ ನಿಲುವು. ನಾನು ನನ್ನ ನೆಲದಲ್ಲಿ, ಅವಳು ಅವಳ ನೆಲದಲ್ಲಿ ವಾಸ ಎಂದು ಇಬ್ಬರೂ ಪ್ರಮಾಣ ಮಾಡುವಂತಿಲ್ಲ. ಒಂದು ಕ್ಲೇಮ್, ಅಂದರೆ ಅರ್ಜಿ ಹಾಕಿ ಹಿಡಿದ ನೆಲದ ಮೇಲಿನ ಹಕ್ಕು, ಕೈಬಿಡಬೇಕು. ಯಾರದ್ದು? ಮೂರು ವರ್ಷ ಯಾರು ಬೆವರು ಸುರಿಸಿದ್ದಾರೋ ಅವರದ್ದೇ? ಇಲ್ಲಿಂದ ಕಾದಂಬರಿ ತಾನಾಗಿ ನಡೆಯುತ್ತದೆ.

ಇದರಲ್ಲಿ ಸೂಕ್ಷ್ಮಗಳಿವೆ, ತಪ್ಪುವುದೂ ಇಲ್ಲೇ. ಅರ್ಜಿ ಹಾಕಿದ ಮೇಲೆ ಮದುವೆಯಾದ ಮಾತ್ರಕ್ಕೆ ಹೆಣ್ಣಿನ ಕ್ಲೇಮ್ ಹೋಗುವುದಿಲ್ಲ. ಅವಳು ಅಲ್ಲೇ ವಾಸ ಮುಂದುವರಿಸಿದರೆ ಸಾಕು. ನಾಯಕ ನೆಲವಿಲ್ಲದ ಕೂಲಿ ಕೌಬಾಯ್ ಆಗಿದ್ದರೆ ಕಾನೂನಿನ ಅಡ್ಡಿಯೇ ಇಲ್ಲ. ಆಗ ಹೆಂಡತಿಯ ನೆಲಕ್ಕೆ ಮನೆಯಳಿಯನಂತೆ ಬಂದು ಸೇರುವ ಗಂಡಸಿನ ಮಾನದ ಪ್ರಶ್ನೆ ಬರುತ್ತದೆ, ಅದು ಬೇರೆಯೇ ಕಥೆ. ನಾಯಕನ ನೆಲ ಮರ ನೆಡುವ ಕ್ಲೇಮ್ ಆಗಿದ್ದರೂ ಅಡ್ಡಿ ಕರಗುತ್ತದೆ. 1873ರಿಂದ 1891ರವರೆಗೆ ಇದ್ದ ಆ ಕಾನೂನಿನಲ್ಲಿ ವಾಸದ ಷರತ್ತೇ ಇರಲಿಲ್ಲ. 1878ರ ತಿದ್ದುಪಡಿಯ ನಂತರ ಹತ್ತು ಎಕರೆಯಲ್ಲಿ ಮರ ಬೆಳೆಸಬೇಕಿತ್ತು ಅಷ್ಟೆ. ಆದ್ದರಿಂದ ಇಬ್ಬರದ್ದೂ ಹೋಮ್‌ಸ್ಟೆಡ್ ಕ್ಲೇಮ್ ಎಂದು ಮೊದಲ ಅಧ್ಯಾಯಗಳಲ್ಲೇ ಸ್ಪಷ್ಟ ಮಾಡಿಬಿಡಿ.

ಹಣ ಕಟ್ಟಿ ಬೇಗ ಮುಗಿಸುವ ದಾರಿಯೂ ಇತ್ತು. ಆರು ತಿಂಗಳ ವಾಸದ ನಂತರ ಎಕರೆಗೆ 1.25 ಡಾಲರ್‌ನಂತೆ ಕಟ್ಟಿದರೆ ನೆಲ ಕೈಗೆ. 1891ರಲ್ಲಿ ಈ ಆರು ತಿಂಗಳನ್ನು 14 ತಿಂಗಳಿಗೆ ಏರಿಸಿದರು, ನಮ್ಮ ಕಥೆಗೆ ಅದು ತಟ್ಟುವುದಿಲ್ಲ. 160 ಎಕರೆಗೆ 200 ಡಾಲರ್. ಹಳ್ಳಿ ಶಾಲೆಯ ಟೀಚರಿಗೆ ತಿಂಗಳಿಗೆ ಮೂವತ್ತು ಡಾಲರ್ ಸಿಕ್ಕರೆ ಹೆಚ್ಚು, ಅದೂ ವರ್ಷಕ್ಕೆ ಕೆಲವೇ ತಿಂಗಳು. ಕ್ಲಾರಾಳ ಹತ್ತಿರ ಆ ದುಡ್ಡು ಯಾಕಿಲ್ಲ ಎಂಬುದಕ್ಕೆ ಲೆಕ್ಕ ಕೊಡಿ: ಬಾವಿ ತೋಡಿಸಿದ್ದು, ಒಲೆ ಕೊಂಡದ್ದು, ಒಂದು ವರ್ಷ ಬೆಳೆ ಹೋದದ್ದು. ಲೆಕ್ಕ ಕೊಡದಿದ್ದರೆ ಸಾಲ ಮಾಡಬಹುದಿತ್ತಲ್ಲ ಎಂದು ಓದುಗರು ಕೇಳುತ್ತಾರೆ. ಕೊಟ್ಟರೆ ಆ 200 ಡಾಲರ್ ಪ್ರತಿ ಅಧ್ಯಾಯದಲ್ಲೂ ಅವರ ತಲೆಯಲ್ಲಿರುತ್ತದೆ.

ಖಳನೂ ಇದೇ ಕಾನೂನಿನಿಂದ ಸಿಗುತ್ತಾನೆ, ಬಂದೂಕು ಬೇಕಿಲ್ಲ. ಕ್ಲೇಮ್ ಹಿಡಿದವರು ಆರು ತಿಂಗಳಿಗಿಂತ ಹೆಚ್ಚು ಕಾಲ ನೆಲ ಬಿಟ್ಟಿದ್ದರೆ ಯಾರು ಬೇಕಾದರೂ ತಕರಾರು ಹೂಡಬಹುದು. ಗೆದ್ದರೆ ಆ ನೆಲ ಹಿಡಿಯಲು 30 ದಿನದ ಮೊದಲ ಅವಕಾಶ ತಕರಾರು ಹೂಡಿದವನಿಗೇ. ಕ್ಲಾರಾ ಚಳಿಗಾಲದಲ್ಲಿ ದೂರದ ಶಾಲೆಗೆ ಪಾಠ ಹೇಳಲು ಹೋಗಿ ಅಲ್ಲೇ ಯಾರದೋ ಮನೆಯಲ್ಲಿ ಉಳಿದಿದ್ದಳು ಎಂದಿಟ್ಟುಕೊಳ್ಳಿ. ಅವಳು ಎಷ್ಟು ರಾತ್ರಿ ತನ್ನ ಮನೆಯಲ್ಲಿ ಮಲಗಿದ್ದಳು? ಇದಕ್ಕೆ ಸಾಕ್ಷಿ ಯಾರು? ಕೊನೆಯ ಪುರಾವೆಯ ದಿನ, ಅಂದರೆ ಐದು ವರ್ಷದ ವಾಸ ಪೂರೈಸಿದ್ದೇನೆಂದು ರುಜುವಾತು ಮಾಡುವ ದಿನ, ಇಬ್ಬರು ಸಾಕ್ಷಿಗಳು ಪ್ರಮಾಣ ಮಾಡಿ ಹೇಳಬೇಕು. ಅವರ ಹೆಸರು ಮೊದಲೇ ಸ್ಥಳೀಯ ಪತ್ರಿಕೆಯಲ್ಲಿ ಅಚ್ಚಾಗಬೇಕು. ಅವಳ ಕಿಟಕಿಯ ದೀಪವನ್ನು ರಾತ್ರಿ ರಾತ್ರಿ ನೋಡಿದವನು ಪಕ್ಕದ ನೆಲದ ಸೈಲಸ್ ಒಬ್ಬನೇ. ಅವನು ಅದನ್ನು ಪ್ರಮಾಣ ಮಾಡಿ ಹೇಳಿದರೆ ಊರಿಗೆಲ್ಲ ಏನು ತಿಳಿಯುತ್ತದೆ ಎಂಬುದು ನಿಮ್ಮ ಅತ್ಯುತ್ತಮ ದೃಶ್ಯ. ಕೋಣೆಯಲ್ಲಿ ಇಬ್ಬರೇ ಇದ್ದಾಗ ಹೇಳುವ ಪ್ರೀತಿಗಿಂತ, ಗುಮಾಸ್ತ ಬರೆದುಕೊಳ್ಳುತ್ತಿರುವಾಗ ಹೊರಬಿದ್ದ ಪ್ರೀತಿಗೆ ಬಲ ಹೆಚ್ಚು.

ಮನೆ: ಹೆಂಟೆ, ಸೋರುವ ಮಾಡು, ಒಂದೇ ಕೋಣೆ

ಕಸ್ಟರ್ ಕೌಂಟಿಯಲ್ಲಿ ಮರ ಅಪರೂಪ. ಉತ್ತಿರದ ಹುಲ್ಲುಗಾವಲಿನ ಮೇಲ್ಪದರವನ್ನೇ ಕತ್ತರಿಸಿ ಇಟ್ಟಿಗೆಯಂತೆ ಜೋಡಿಸಿ ಮನೆ ಕಟ್ಟುತ್ತಿದ್ದರು, ಅದೇ ಸಾಡ್ ಹೌಸ್. ವಿಶೇಷ ನೇಗಿಲಿನಿಂದ ನಾಲ್ಕು ಇಂಚು ದಪ್ಪದ ಪಟ್ಟಿ ಎಬ್ಬಿಸಿ, ಸನಿಕೆಯಿಂದ ಎರಡು ಮೂರು ಅಡಿಗೊಂದರಂತೆ ತುಂಡು ಮಾಡುತ್ತಾರೆ. ಅಗಲ ಒಂದು ಅಡಿ, ತೂಕ ಸುಮಾರು 50 ಪೌಂಡ್. ಹುಲ್ಲಿನ ಮುಖ ಕೆಳಗೆ ಮಾಡಿ ಇಡುತ್ತಾರೆ. ಗೋಡೆಯ ದಪ್ಪ ಎರಡರಿಂದ ಮೂರು ಅಡಿ. 16 ಅಡಿಗೆ 20 ಅಡಿಯ ಮನೆಗೆ ಹೆಚ್ಚುಕಡಿಮೆ ಒಂದು ಎಕರೆಯ ಹೆಂಟೆ ಬೇಕು. ಹೆಂಟೆ ಕತ್ತರಿಸಿದ ದಿನವೇ ಜೋಡಿಸಬೇಕು, ಒಣಗಿದರೆ ಪುಡಿಯಾಗುತ್ತದೆ. ಹಾಗಾಗಿ ಒಬ್ಬಳೇ ಕಟ್ಟಿದಳು ಎಂದು ಬರೆಯಬೇಡಿ. ಒಬ್ಬರು ಕತ್ತರಿಸಿ, ಒಬ್ಬರು ಗಾಡಿಯಲ್ಲಿ ತಂದು, ಒಬ್ಬರು ಇಟ್ಟರೆ ಕೆಲಸ ಸಾಗುತ್ತದೆ. ನೆರೆಯವರ ಋಣ ಹುಟ್ಟುವುದೇ ಅಲ್ಲಿ.

ಬೇಸಿಗೆಯಲ್ಲಿ ಒಳಗೆ ತಂಪು, ಚಳಿಗಾಲದಲ್ಲಿ ಬೆಚ್ಚಗೆ. ಮಳೆ ಬಂದರೆ ಮಾಡು ಸೋರುತ್ತದೆ, ಮಳೆ ನಿಂತ ಮೇಲೂ ದಿನಗಟ್ಟಲೆ ಸೋರುತ್ತದೆ. ಮಣ್ಣು, ಇಲಿ, ಹಾವು ಮೇಲಿಂದ ಬೀಳದಿರಲೆಂದು ಚಾವಣಿಯ ಕೆಳಗೆ ತೆಳು ಬಟ್ಟೆ ಕಟ್ಟುತ್ತಿದ್ದರು. ಉರುವಲಿಗೆ ಒಣಗಿದ ಸಗಣಿ, ಜೋಳದ ದಿಂಡು, ಗಂಟು ಹಾಕಿದ ಹುಲ್ಲು. ಹುಲ್ಲು ಬೇಗ ಉರಿದುಹೋಗುವುದರಿಂದ ಯಾರಾದರೂ ಸದಾ ಒಲೆಯ ಬಳಿ ಕೂತೇ ಇರಬೇಕು. ಹೊರಗೆ ಬಿರುಗಾಳಿ, ಒಳಗೆ ಇಬ್ಬರೇ ಎಂಬ ದೃಶ್ಯ ಬರೆಯುವಾಗ ಇಡೀ ರಾತ್ರಿ ಹುಲ್ಲು ತಿರುಚುವ ಕೆಲಸ ಇಬ್ಬರ ಕೈಗೂ ಕೊಡಿ, ಸುಮ್ಮನೆ ಕಣ್ಣಲ್ಲಿ ಕಣ್ಣಿಟ್ಟು ಕೂರಿಸಬೇಡಿ.

ಈ ವಿವರಗಳನ್ನು ಹೇಗೆ ಬಳಸಬೇಕೆಂಬುದಕ್ಕೆ ಒಂದು ತುಣುಕು:

ಮಳೆ ನಿಂತು ಎರಡು ದಿನವಾಗಿತ್ತು, ಮನೆಯೊಳಗೆ ಇನ್ನೂ ನಿಂತಿರಲಿಲ್ಲ. ಕ್ಲಾರಾ ಎಡಗೈಯಲ್ಲಿ ಕೊಡೆ ಹಿಡಿದು ಬಲಗೈಯಲ್ಲಿ ಬಾಣಲೆಯ ಹಂದಿಮಾಂಸ ಮಗುಚುತ್ತಿದ್ದಳು.
"ಕೊಡೆ ಇಲ್ಲಿ ಕೊಡಿ, ಮಿಸ್ ವೆಬ್."
ಕೊಟ್ಟಳು. ಸೈಲಸ್ ಎತ್ತರದವನು, ಕೊಡೆ ಮೇಲೇರಿತು, ಪಕ್ಕದಿಂದ ಕೆಸರುನೀರು ಬಾಣಲೆಗೆ ತೊಟ್ಟಿಕ್ಕಿ ಚುರ್ರೆಂದಿತು.
"ಇನ್ನೂ ಕೆಳಗೆ."
ಇಳಿಸಿದ.
"ಇನ್ನೂ."
ಈಗ ಅವನ ತಲೆಯೂ ಒಳಗೆ ಬರಬೇಕಾಯಿತು. ಮಾಂಸ ಒಂದು ಬದಿ ಸೀಯುತ್ತಿತ್ತು, ಅವಳು ಮಗುಚಲಿಲ್ಲ.

ಎದೆ ಬಡಿತ, ನಡುಗುವ ತುಟಿ ಯಾವುದೂ ಇಲ್ಲ. ಸೋರುವ ಮಾಡು ಅವರನ್ನು ಹತ್ತಿರ ತಂದಿತು, ಸೀದ ಮಾಂಸ ಅವಳ ಮನಸ್ಸು ಹೇಳಿತು. ಸಲುಗೆಯ ಪ್ರತಿ ಹೆಜ್ಜೆಯನ್ನೂ ಹೀಗೆ ಒಂದು ಮನೆಗೆಲಸದ ಮೇಲೆ ಹತ್ತಿಸಿ. ಕೊಡೆ ಹಿಡಿದು ಅಡುಗೆ ಮಾಡಿದ್ದು ಕಟ್ಟುಕಥೆಯೂ ಅಲ್ಲ, ಆ ಕಾಲದವರ ನೆನಪುಗಳಲ್ಲಿ ಬರುವ ವಿವರ.

ಎರಡು ಕ್ಲೇಮ್‌ಗಳ ಗಡಿಗೆರೆಯ ಮೇಲೆ ಮನೆ ಕಟ್ಟಿ, ತಮ್ಮತಮ್ಮ ಬದಿಯಲ್ಲಿ ಮಲಗಿ, ಇಬ್ಬರೂ ವಾಸದ ಷರತ್ತು ಪೂರೈಸಿದ ಅಕ್ಕತಂಗಿಯರು, ಗೆಳತಿಯರು ಗಡಿಸೀಮೆಯಲ್ಲಿದ್ದರು. ಪ್ರೇಮಿಗಳ ವಿಷಯಕ್ಕೆ ಬಂದರೆ ಮದುವೆಗೆ ಮುಂಚೆ ಇದು ಊರಿಗೆ ಹಗರಣ, ಮದುವೆಯ ನಂತರ ಭೂಕಚೇರಿಗೆ ನಡೆಯದ ಮಾತು. ಅಂಥ ಮನೆಯ ಆಸೆಯನ್ನು ಸೈಲಸ್‌ನ ಬಾಯಲ್ಲಿ ಒಮ್ಮೆ ಬರಿಸಿ ಅಲ್ಲಿಗೇ ಬಿಡಬಹುದು.

ನೀರು, ಬಟ್ಟೆ, ಮೈ

ಸ್ನಾನದ ದೃಶ್ಯ ಇಲ್ಲದ ಪ್ರೇಮಕಾದಂಬರಿ ಕಡಿಮೆ. ಬರೆಯಿರಿ, ಆದರೆ ನೀರು ಎಲ್ಲಿಂದ ಬಂತೆಂದು ಮೊದಲು ತೀರ್ಮಾನಿಸಿ. ಎತ್ತರದ ಬಯಲಿನಲ್ಲಿ ಬಾವಿ ನೂರಾರು ಅಡಿ ಆಳ. ಬಾವಿ ಇಲ್ಲದವರು ಮೈಲಿಗಟ್ಟಲೆ ದೂರದಿಂದ ಪೀಪಾಯಿಯಲ್ಲಿ ತರಬೇಕು. ತಗಡಿನ ತೊಟ್ಟಿಗೆ ಹತ್ತು ಗ್ಯಾಲನ್ ನೀರು ಎಂದರೆ 38 ಲೀಟರ್, 83 ಪೌಂಡ್ ಭಾರ. ಅಷ್ಟನ್ನು ಸಗಣಿ ಬೆಂಕಿಯಲ್ಲಿ ಕಾಯಿಸಬೇಕು. ಅವಳಿಗಾಗಿ ಒಬ್ಬ ನೀರು ಹೊತ್ತು ತಂದಿದ್ದಾನೆ ಅನ್ನುವುದೇ ಇಲ್ಲಿ ಪ್ರೇಮನಿವೇದನೆ.

ಸೊಂಟ ಬಿಗಿಯುವ ಒಳಉಡುಪಾದ ಕಾರ್ಸೆಟ್ ಬಗ್ಗೆ ಬಹಳ ತಪ್ಪು ನಡೆಯುತ್ತದೆ. ಆ ಕಾಲದ ಕಾರ್ಸೆಟ್‌ಗೆ ಮುಂಭಾಗದಲ್ಲಿ ಉಕ್ಕಿನ ಪಟ್ಟಿ, ಅದರಲ್ಲಿ ಕೊಕ್ಕೆಗಳು. ಬೆನ್ನಿನ ದಾರವನ್ನು ಸ್ವಲ್ಪ ಸಡಿಲ ಮಾಡಿ ಮುಂದಿನ ಕೊಕ್ಕೆ ಬಿಚ್ಚಿದರೆ ಮುಗಿಯಿತು, ಒಂಟಿ ಹೆಂಗಸು ದಿನವೂ ತಾನೇ ತೊಟ್ಟು ತಾನೇ ತೆಗೆಯುತ್ತಿದ್ದಳು. ನಾಯಕ ಚಾಕುವಿನಿಂದ ದಾರ ಕತ್ತರಿಸುವ ದೃಶ್ಯ ಬೇಡ, ಅಷ್ಟು ಬೆಲೆಯ ವಸ್ತುವನ್ನು ಹಾಳುಮಾಡಿದವನನ್ನು ಯಾವ ಹೆಂಗಸೂ ಕ್ಷಮಿಸುತ್ತಿರಲಿಲ್ಲ. ಜಿಪ್ ಇಲ್ಲವೇ ಇಲ್ಲ, ಎಲ್ಲವೂ ಗುಂಡಿ, ಕೊಕ್ಕೆ, ದಾರ. ಪಟ್ಟಣದಲ್ಲಿ ಹಿಂಭಾಗ ಉಬ್ಬಿಸುವ ಬಸಲ್ 1880ರ ದಶಕದ ನಡುವಿನಲ್ಲಿ ಜೋರಾಗಿತ್ತು. ಹೊಲದ ಮನೆಯಲ್ಲಿ ಹತ್ತಿ ಬಟ್ಟೆಯ ಗೌನು, ಏಪ್ರನ್, ಬಿಸಿಲಿಗೆ ಬಾನೆಟ್.

ಗರ್ಭದ ಭಯವನ್ನು ಮರೆಯಬೇಡಿ. 1873ರ ಕಾಮ್‌ಸ್ಟಾಕ್ ಕಾನೂನು ಗರ್ಭನಿರೋಧಕಗಳನ್ನೂ ಅವುಗಳ ಮಾಹಿತಿಯನ್ನೂ ಅಂಚೆಯಲ್ಲಿ ಕಳಿಸುವುದನ್ನು ಅಪರಾಧ ಮಾಡಿತ್ತು. ಮದುವೆಗೆ ಮುಂಚಿನ ಒಂದು ರಾತ್ರಿ ಕ್ಲಾರಾಳಿಗೆ ಟೀಚರ್ ಕೆಲಸವನ್ನೂ, ಸಾಕ್ಷಿ ಹೇಳುವ ನೆರೆಯವರ ಒಲವನ್ನೂ ಕಳೆಯಬಹುದು. ಅವಳು ಒಪ್ಪಿದರೆ ಎಲ್ಲ ತಿಳಿದೇ ಒಪ್ಪಿದಳೆಂದು ಪುಟದ ಮೇಲೆ ಕಾಣಬೇಕು.

ದೂರ, ಕಾಗದ, ಕುದುರೆ

ಕುದುರೆ ನಡಿಗೆಯಲ್ಲಿ ಗಂಟೆಗೆ ನಾಲ್ಕು ಮೈಲಿ, ಒಳ್ಳೆಯ ಕುದುರೆಗೆ ದಿನಕ್ಕೆ 30ರಿಂದ 40 ಮೈಲಿ. ಇಡೀ ದಿನ ನಾಗಾಲೋಟದಲ್ಲಿ ಓಡಿಸಿದರೆ ಅದು ಸಾಯುತ್ತದೆ. ಎತ್ತಿನ ಗಾಡಿಗೆ ಗಂಟೆಗೆ ಎರಡು ಮೈಲಿ. ಕಸ್ಟರ್ ಕೌಂಟಿಯ ಬ್ರೋಕನ್ ಬೋ ಊರಿನಿಂದ ಗ್ರಾಂಡ್ ಐಲೆಂಡ್ ಪಟ್ಟಣ ಸುಮಾರು 80 ಮೈಲಿ, ಗಾಡಿಯಲ್ಲಿ ನಾಲ್ಕೈದು ದಿನ. 1886ರಲ್ಲಿ ಬ್ರೋಕನ್ ಬೋಗೆ ರೈಲು ಬಂತು, ಒಂದೇ ದಿನದ ದಾರಿಯಾಯಿತು. ನಿಮ್ಮ ಕಥೆ ಈ ಗೆರೆಯ ಯಾವ ಬದಿಗಿದೆ ಎಂಬುದರ ಮೇಲೆ ಅಗಲಿಕೆಯ ಅಧ್ಯಾಯದ ಉದ್ದ ನಿಂತಿದೆ.

ಕಾಗದ ಮನೆಬಾಗಿಲಿಗೆ ಬರುತ್ತಿರಲಿಲ್ಲ. ಹಳ್ಳಿಗಾಡಿನ ಮನೆ ಮನೆಗೆ ಅಂಚೆ ಬಂದದ್ದು 1896ರ ನಂತರ. ಅಲ್ಲಿಯವರೆಗೆ ಯಾರದೋ ಮನೆಯ ಒಂದು ಮೂಲೆಯೇ ಅಂಚೆ ಕಚೇರಿ, ಯಾರಿಗೆ ಎಲ್ಲಿಂದ ಪತ್ರ ಬಂತೆಂದು ಎಲ್ಲರಿಗೂ ಗೊತ್ತು. 1883ರ ಅಕ್ಟೋಬರ್‌ನಿಂದ ಅಂಚೆ ದರ ಎರಡು ಸೆಂಟ್.

ಭೇಟಿಯಾಗಲು ನೆಪ ಬೇಕಲ್ಲ: ಶಾಲೆಮನೆಯ ಚರ್ಚಾಕೂಟ, ಜುಲೈ 4ರ ಪಿಕ್ನಿಕ್, ಭಾನುವಾರದ ಪ್ರಾರ್ಥನೆ. ಎಲ್ಲಕ್ಕಿಂತ ಬುತ್ತಿಪೆಟ್ಟಿಗೆ ಹರಾಜು ಚೆನ್ನ. ಹೆಣ್ಣುಮಕ್ಕಳು ಊಟ ಕಟ್ಟಿ ತಂದ ಪೆಟ್ಟಿಗೆಗಳನ್ನು ಹರಾಜು ಹಾಕುತ್ತಾರೆ, ಕೊಂಡ ಗಂಡಸು ಆ ಪೆಟ್ಟಿಗೆಯವಳ ಜೊತೆ ಕೂತು ಉಣ್ಣುತ್ತಾನೆ. ಪೆಟ್ಟಿಗೆ ಯಾರದೆಂದು ಗುಟ್ಟು, ಆದರೂ ಹೇಗೋ ತಿಳಿದಿರುತ್ತದೆ. ಉಡುಗೊರೆ ಬೇಕೆಂದರೆ ಆರ್ಬಕಲ್ ಕಾಫಿ ನೆನಪಿಡಿ. ಹುರಿದ ಬೀಜದ ಆ ಒಂದು ಪೌಂಡ್ ಪೊಟ್ಟಣದೊಳಗೆ ಒಂದು ಪೆಪ್ಪರ್‌ಮಿಂಟ್ ಕಡ್ಡಿ ಇರುತ್ತಿತ್ತು. ಬಂದೂಕಿನ ವಿಷಯ ಇಷ್ಟು ಸಾಕು: ಹೊಲದ ಮನೆಯಲ್ಲಿ ರಿವಾಲ್ವರಿಗಿಂತ ಶಾಟ್‌ಗನ್ ಹೆಚ್ಚು ಸಹಜ.

ಕನ್ನಡದಲ್ಲಿ ಮಾತಾಡಿಸುವುದು

ಆ ಕಾಲದಲ್ಲಿ ಒಬ್ಬರನ್ನೊಬ್ಬರು ಮಿಸ್, ಮಿಸ್ಟರ್ ಎಂದು ಮನೆತನದ ಹೆಸರಿನಿಂದ ಕರೆಯುತ್ತಿದ್ದರು. ಮೊದಲ ಹೆಸರು ಹಿಡಿದು ಕರೆಯುವುದೇ ಸಲುಗೆ. ಕನ್ನಡದಲ್ಲಿ ಬರೆಯುವವರ ಕೈಯಲ್ಲಿ ಇನ್ನೊಂದು ಹತಾರವೂ ಇದೆ, ಬಹುವಚನ ಏಕವಚನ. ಕ್ಲಾರಾ, ಸೈಲಸ್ ಇಬ್ಬರೂ ಕಾದಂಬರಿಯ ಅರ್ಧಕ್ಕಿಂತ ಹೆಚ್ಚು ಭಾಗ 'ನೀವು' ಎಂದೇ ಮಾತಾಡಲಿ. 'ನೀನು' ಎಲ್ಲಿ ಬರುತ್ತದೆಂದು ಮೊದಲೇ ಗುರುತಿಟ್ಟುಕೊಳ್ಳಿ. ಅದು ಅಪಾಯದ ಕ್ಷಣದಲ್ಲಿ ಬಾಯ್ತಪ್ಪಿ ಬಂದು, ಮರುದಿನ ಮತ್ತೆ 'ನೀವು' ಆದರೆ ಚೆನ್ನ. ಮೊದಲು ಅವಳೇ ಏಕವಚನಕ್ಕೆ ಇಳಿಯಲಿ ಎಂಬುದು ನಮ್ಮ ಸಲಹೆ. ಅವನು 'ನೀನು', ಅವಳು 'ನೀವು' ಎಂಬ ನಮ್ಮ ಹಳೆಯ ದಂಪತಿ ಮಾದರಿಯನ್ನು ಇಲ್ಲಿ ತರಬೇಡಿ. ತನ್ನ ಹೆಸರಲ್ಲಿ ನೆಲ ಹಿಡಿದ ಹೆಣ್ಣಿಗೆ ಅದು ಹೊಂದುವುದಿಲ್ಲ.

ಕೌಬಾಯ್ ಬಾಯಿಗೆ ಧಾರವಾಡದ ಮಾತನ್ನೋ ಮಂಡ್ಯದ ಮಾತನ್ನೋ ಹಾಕಿದರೆ ಓದುಗರು ನೆಬ್ರಾಸ್ಕಾ ಬಿಟ್ಟು ಹುಬ್ಬಳ್ಳಿ ಬಸ್‌ಸ್ಟ್ಯಾಂಡಿಗೆ ಬಂದುಬಿಡುತ್ತಾರೆ. ಒರಟುತನವನ್ನು ಚಿಕ್ಕ ವಾಕ್ಯದಲ್ಲಿ ತೋರಿಸಿ. ಗಾದೆ ಬೇಕಾದರೆ ಹಲಸು, ರಾಗಿ, ತೆಂಗು ಇಲ್ಲದ್ದನ್ನು ಆರಿಸಿ. 'ದೇವರೇ' ನಡೆಯುತ್ತದೆ, 'ಶಿವನೇ' ನಡೆಯುವುದಿಲ್ಲ. ಹೆಸರಿಡುವಾಗ ವಿಭಕ್ತಿ ಹಚ್ಚಿ ನೋಡಿ: ಕ್ಲಾರಾಳ, ಮಾರ್ಥಾಳಿಗೆ, ಎಮ್ಮಾಳನ್ನು ಸಲೀಸು; ರೂತ್, ಎಡಿತ್‌ಗೆ ಪ್ರತ್ಯಯ ಸೇರಿಸಿದಾಗಲೆಲ್ಲ ಓದು ಎಡವುತ್ತದೆ. ಮುನ್ನೂರು ಪುಟ ಅದೇ ಹೆಸರು ಬರೆಯುವವರು ನೀವು.

ಆ ನೆಲ ಯಾರದಾಗಿತ್ತು

ಖಾಲಿ ನೆಲಕ್ಕೆ ಜನ ಬಂದರು ಎಂಬಂತೆ ಬರೆದರೆ ಕಾದಂಬರಿ ಸುಳ್ಳಾಗುತ್ತದೆ. ನೆಬ್ರಾಸ್ಕಾದ ಮೂಲನಿವಾಸಿಗಳಾದ ಪಾನಿ ಜನರನ್ನು 1870ರ ದಶಕದ ನಡುವಿನಲ್ಲಿ ಇಂಡಿಯನ್ ಟೆರಿಟರಿಗೆ (ಇಂದಿನ ಒಕ್ಲಹೋಮಾ) ಸಾಗಿಸಿದರು. ಪೊಂಕಾ ಜನರನ್ನು 1877ರಲ್ಲಿ ಹೊರಡಿಸಿದರು. ಸತ್ತ ಮಗನ ಮೂಳೆಗಳನ್ನು ತಾಯ್ನೆಲದಲ್ಲಿ ಹೂಳಲು ಮರಳಿದ ಮುಖಂಡ ಸ್ಟ್ಯಾಂಡಿಂಗ್ ಬೇರ್‌ನನ್ನು ಬಂಧಿಸಿದಾಗ, ಕಾನೂನಿನ ಕಣ್ಣಲ್ಲಿ ಅವನೂ ಒಬ್ಬ ವ್ಯಕ್ತಿ ಎಂದು 1879ರಲ್ಲಿ ಒಮಾಹಾದ ನ್ಯಾಯಾಲಯ ಹೇಳಿತು. 1884ರಲ್ಲಿ ಬಂದ ಕ್ಲಾರಾಳಿಗೆ ಇವೆಲ್ಲ ನಿನ್ನೆಮೊನ್ನೆಯ ಸುದ್ದಿ. ಒಮಾಹಾ ಸಮುದಾಯದ ಸೂಸನ್ ಲಾ ಫ್ಲೆಷ್ 1889ರಲ್ಲಿ ವೈದ್ಯೆಯಾದಳು. ಮೂಲನಿವಾಸಿ ಪಾತ್ರವೆಂದರೆ ದಾರಿ ತೋರಿಸುವ ಮೌನಿ ಎಂದುಕೊಂಡವರು ಅವಳ ಬದುಕನ್ನೊಮ್ಮೆ ಓದಬೇಕು.

ಕಪ್ಪು ಜನರೂ ಹೋಮ್‌ಸ್ಟೆಡ್ ಹಿಡಿದಿದ್ದರು. ಕ್ಯಾನ್ಸಸ್‌ನ ನಿಕೋಡೀಮಸ್ ಊರನ್ನು 1877ರಲ್ಲಿ ಗುಲಾಮಗಿರಿಯಿಂದ ಬಿಡುಗಡೆಯಾದವರೇ ಕಟ್ಟಿದರು. ಅಲ್ಲಿನ ಪ್ರೇಮಕಥೆಗೆ ಮೇಲಿನ ಭೂಕಾನೂನೆಲ್ಲ ಹಾಗೆಯೇ ಹೊಂದುತ್ತದೆ. ಬಿಳಿಯ ಕಪ್ಪು ಜೋಡಿಯ ಕಥೆಯಾದರೆ ನೆಬ್ರಾಸ್ಕಾದಲ್ಲಿ ಅಂಥ ಮದುವೆ 1963ರವರೆಗೂ ಕಾನೂನಿನ ವಿರುದ್ಧವಾಗಿತ್ತು. ಕೊನೆಯ ಅಧ್ಯಾಯದ ಪಾದ್ರಿ ಅದನ್ನು ಬಗೆಹರಿಸಲಾರ.

ದೊಡ್ಡ ದನದ ಒಡೆಯನನ್ನು ನಾಯಕನನ್ನಾಗಿ ಮಾಡುವವರು ಕಸ್ಟರ್ ಕೌಂಟಿಯ 1878ರ ಘಟನೆ ತಿಳಿದಿರಬೇಕು. ಐ. ಪಿ. ಆಲಿವ್ ಎಂಬ ದನದ ಒಡೆಯನ ಗುಂಪು ಇಬ್ಬರು ಹೋಮ್‌ಸ್ಟೆಡರ್‌ಗಳನ್ನು ಕೊಂದಿತು. ಆರು ವರ್ಷದ ನಂತರ ಬಂದ ಕ್ಲಾರಾಳಿಗೂ ಅಂಥವರನ್ನು ಕಂಡರೆ ಊರಿನ ಹೆದರಿಕೆಯೇ.

ಕ್ಯಾಲೆಂಡರಿನ ಮೇಲೆ ಅಧ್ಯಾಯಗಳು

ಐದು ವರ್ಷವನ್ನೂ ಬರೆಯಬೇಡಿ. 1887ರ ಸೆಪ್ಟೆಂಬರ್‌ನಲ್ಲಿ ಶುರುಮಾಡಿ 1889ರ ಮೇ ತಿಂಗಳಲ್ಲಿ ಮುಗಿಸಿ. ಕ್ಲಾರಾಳ ಪುರಾವೆಯ ದಿನ ಹತ್ತಿರವಿದೆ, ಕಳೆದುಕೊಳ್ಳಲು ಮೂರು ವರ್ಷದ ದುಡಿಮೆಯಿದೆ. 50ರಿಂದ 60 ಸಾವಿರ ಪದ ಸಾಕು. ವಾರದ ಧಾರಾವಾಹಿಯಾದರೆ ತಲಾ 2500 ಪದದ 22 ಕಂತು.

ಮೊದಲ ನಾಲ್ಕು ಕಂತು ಜೋಳದ ಕೊಯ್ಲು, ನೆರೆಯವರ ಸಹಾಯ, ಬುತ್ತಿಪೆಟ್ಟಿಗೆ ಹರಾಜು. ಏಳನೆಯದಕ್ಕೆ 1888ರ ಜನವರಿ 12 ಬರಲಿ, ಅದೊಂದು ಗುರುವಾರ. ಬೆಳಿಗ್ಗೆ ಚಳಿಗಾಲಕ್ಕೆ ಹೊಂದದಷ್ಟು ಹಿತವಾಗಿತ್ತು, ಮಕ್ಕಳು ತೆಳು ಕೋಟಿನಲ್ಲಿ ಶಾಲೆಗೆ ಬಂದಿದ್ದರು. ಹಗಲಿನಲ್ಲೇ ಹಿಮಬಿರುಗಾಳಿ ಗೋಡೆಯಂತೆ ಬಂದು ಬಡಿಯಿತು. ಚಾಚಿದ ಕೈ ಕಾಣುತ್ತಿರಲಿಲ್ಲ. ಆ ಪ್ರದೇಶದಲ್ಲೆಲ್ಲ ಸತ್ತವರು 235 ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಪಕ್ಕದ ವ್ಯಾಲಿ ಕೌಂಟಿಯಲ್ಲಿ ಮಿನಿ ಫ್ರೀಮನ್ ಎಂಬ ಟೀಚರ್ ತನ್ನ ಮಕ್ಕಳನ್ನು ಸುರಕ್ಷಿತವಾಗಿ ಹತ್ತಿರದ ಮನೆಗೆ ಮುಟ್ಟಿಸಿ ಹೆಸರಾದಳು. ಕ್ಲಾರಾಳನ್ನು ಅವಳ ನಕಲು ಮಾಡಬೇಡಿ. ಕ್ಲಾರಾ ಶಾಲೆಯಲ್ಲೇ ಉಳಿಯುವ ತೀರ್ಮಾನ ಮಾಡಿ, ಬೆಂಚು ಒಡೆದು ಸುಡಲಿ. ಸೈಲಸ್ ಬೇಲಿ ತಂತಿ ಹಿಡಿದು ಬರಲಿ. ರಾತ್ರಿಯಿಡೀ ಒಟ್ಟಿಗಿದ್ದದ್ದಕ್ಕೆ ಹತ್ತು ಮಕ್ಕಳೇ ಸಾಕ್ಷಿ, ಆದರೂ ವಸಂತದ ಹೊತ್ತಿಗೆ ಊರ ಮಾತು ಬೇರೆಯಾಗಿರುತ್ತದೆ.

ಬೇಸಿಗೆಯಲ್ಲಿ ಅವನು ಮದುವೆಯ ಮಾತು ತೆಗೆಯುತ್ತಾನೆ, ಅವಳು ಮುಂದಿನ ಮೇವರೆಗೆ ಕಾಯಿರಿ ಎನ್ನುತ್ತಾಳೆ. ಅವಳ ಪುರಾವೆ ಮುಗಿದರೆ ಕಾನೂನಿನ ಗಂಟು ತಾನೇ ಬಿಚ್ಚುತ್ತದೆ. ನೆಬ್ರಾಸ್ಕಾದ 1871ರ ಕಾನೂನಿನಿಂದಾಗಿ ಮದುವೆಯ ನಂತರವೂ ಆ ನೆಲ ಅವಳದ್ದೇ. ಹದಿನಾರನೇ ಕಂತಿಗೆ ತಕರಾರು ಬೀಳಲಿ, ಕಾಯುವ ದಾರಿ ಮುಚ್ಚಲಿ. ಕೊನೆಗೆ ಉಳಿಯುವುದು ಅವನ ಕ್ಲೇಮ್. ಕ್ಲೇಮ್ ಬಿಟ್ಟುಕೊಡುವ ಪತ್ರವನ್ನು ಹೊಸಬರಿಗೆ ಮಾರುವುದು ಆಗ ಎಲ್ಲ ಕಡೆ ನಡೆಯುತ್ತಿತ್ತು. ಅವನು ಅದನ್ನು ಮಾರಿ ಬಂದ ಹಣದಲ್ಲಿ ಅವಳ 200 ಡಾಲರ್ ಕಟ್ಟಬಹುದು. ಆದರೆ ಅವಳಿಗೆ ಹೇಳದೆ ಮಾರಿದರೆ ಅದು ತ್ಯಾಗವಲ್ಲ, ಅವಳ ಪರವಾಗಿ ಅವನೇ ಮಾಡಿದ ತೀರ್ಮಾನ. ಇಬ್ಬರೂ ಕೂತು, ಎರಡು ಹೊಲದ ಮಣ್ಣು, ಬಾವಿ, ಉಳಿದ ವರ್ಷ ಲೆಕ್ಕ ಹಾಕಿ ಒಂದನ್ನು ಬಿಡಲಿ. ತಕರಾರಿಗೆ ಮಾತ್ರ ಹಣದಿಂದ ಉತ್ತರವಿಲ್ಲ, ಅಲ್ಲಿ ಅವನ ಸಾಕ್ಷಿಯೇ ಬೇಕು. ಸಾಕ್ಷಿ ಮೊದಲು, ಮದುವೆ ಆಮೇಲೆ: ಹೆಂಡತಿಯ ಪರ ಗಂಡ ಹೇಳಿದ ಮಾತಿಗೆ ಎದುರಾಳಿ ತೂಕ ಕೊಡುವುದಿಲ್ಲ.

ಎಲ್ಲಿ ಹುಡುಕಬೇಕು

ಸಾಲೊಮನ್ ಬುಚರ್ 1886ರಿಂದ ಕಸ್ಟರ್ ಕೌಂಟಿಯ ಕುಟುಂಬಗಳನ್ನು ಅವರ ಹೆಂಟೆಮನೆಗಳ ಮುಂದೆ ನಿಲ್ಲಿಸಿ ಫೋಟೋ ತೆಗೆದ. ಅಂತರ್ಜಾಲದಲ್ಲಿ ಅವನ್ನು ದೊಡ್ಡದು ಮಾಡಿ ನೋಡಬಹುದು: ಕಿಟಕಿಯ ಹೂಕುಂಡ, ಪಂಜರದ ಹಕ್ಕಿ, ಬರಿಗಾಲಿನ ಮಕ್ಕಳು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನ ಕ್ರಾನಿಕ್ಲಿಂಗ್ ಅಮೆರಿಕಾ ಸಂಗ್ರಹದಲ್ಲಿ ಆ ಕಾಲದ ಪತ್ರಿಕೆಗಳು ಉಚಿತ. ಅಂತಿಮ ಪುರಾವೆಯ ನೋಟೀಸುಗಳನ್ನು ಓದಿ. ಸಾಕ್ಷಿಗಳ ಹೆಸರಿನ ಪಟ್ಟಿಯಿಂದ ಯಾರು ಯಾರ ನೆರೆಯವರೆಂದು ತಿಳಿಯುತ್ತದೆ. ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್‌ನ ತಾಣದಲ್ಲಿ ಹಕ್ಕುಪತ್ರಗಳ ಪ್ರತಿಗಳಿವೆ, ಕೌಂಟಿ ಹಾಕಿ ಹುಡುಕಿದರೆ ಹೆಂಗಸರ ಹೆಸರಿನವು ಸಾಲಾಗಿ ಸಿಗುತ್ತವೆ. ನಿಜವಾದ ಹೆಸರುಗಳನ್ನು ಹಾಗೆಯೇ ಎತ್ತಬೇಡಿ, ಒಬ್ಬರ ಮೊದಲ ಹೆಸರಿಗೆ ಇನ್ನೊಬ್ಬರ ಮನೆತನದ ಹೆಸರು ಸೇರಿಸಿ.

ಬರೆದು ಮುಗಿದ ಮೇಲೆ ಒಂದು ಹಾಳೆಯಲ್ಲಿ ಪ್ರತಿ ದೃಶ್ಯದ ತಾರೀಖು, ವಾರ, ಹುಣ್ಣಿಮೆ ಅಮಾವಾಸ್ಯೆ ಗುರುತಿಸಿ. ಹಳೆಯ ತಾರೀಖುಗಳ ಚಂದ್ರನ ಲೆಕ್ಕ ಅಂತರ್ಜಾಲದಲ್ಲೇ ಸಿಗುತ್ತದೆ. ದೀಪವಿಲ್ಲದ ಬಯಲಿನಲ್ಲಿ ಅರ್ಧ ಮೈಲಿ ದೂರದ ಮನೆಗೆ ಸೈಲಸ್ ರಾತ್ರಿ ನಡೆದು ಬರುವ ದೃಶ್ಯಗಳಿದ್ದರೆ, ಅವು ಬೆಳದಿಂಗಳಿನ ವಾರದಲ್ಲೇ ಬಂದಿವೆಯೇ ನೋಡಿ. ಇಲ್ಲವಾದರೆ ತಾರೀಖು ಸರಿಸಿ, ಅಥವಾ ಅವನ ಕೈಗೆ ಲಾಟೀನು ಕೊಡಿ. ಲಾಟೀನು ಕೊಟ್ಟರೆ ಊರೆಲ್ಲ ನೋಡುತ್ತದೆ ಎಂಬುದನ್ನು ಮುಂದಿನ ಅಧ್ಯಾಯದಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳಿ.